ಆಂಪ್ ಹಾಕಿದ ಮೇಲೆ ಪಿಕಪ್‌ನಲ್ಲಿ ಕುಂಯ್ ಅನ್ನುವ ಸದ್ದು, ಮೇಲಿಂದ ಡಾಂಬರು ವಾಸನೆ ಬೇರೆ

ರಾತ್ರಿ ಲೋಡು:
ಎಲ್ಲರಿಗೂ ನಮಸ್ಕಾರ. ನನ್ನದು ಸಿಂಗಲ್ ಕ್ಯಾಬ್ ಡೀಸೆಲ್ ಪಿಕಪ್. ಕೋಲಾರದಿಂದ ಬೆಂಗಳೂರಿಗೆ ಟೊಮೆಟೊ ಹೊಡೆಯುತ್ತೇನೆ, ಹೆಚ್ಚಾಗಿ ರಾತ್ರಿ ಹೊತ್ತು. ಹಾಡು ಬೇಕೇ ಬೇಕು. ಆದರೆ 60 ದಾಟಿದರೆ ತಗಡಿನ ಡಬ್ಬಿಯೊಳಗೆ ಕೂತ ಹಾಗಿರುತ್ತದೆ.

ಹೋದ ತಿಂಗಳು ಸೀಟು ಬಿಚ್ಚಿ ನೆಲಕ್ಕೂ ಹಿಂದಿನ ಗೋಡೆಗೂ 2 ಮಿ.ಮೀ. ಬ್ಯೂಟೈಲ್ ಶೀಟ್ (ತಗಡಿನ ನಡುಕ ತಗ್ಗಿಸುವ, ರಬ್ಬರಿನಂಥ ಅಂಟು ಹಾಳೆ) ಅಂಟಿಸಿದೆ. ದುಡ್ಡು ಸಾಲಲಿಲ್ಲ. ರೂಫಿಗೆ ಮಾತ್ರ ಮನೆ ಮಾಳಿಗೆ ಸೋರದಿರಲಿ ಅಂತ ಹಾಕುತ್ತಾರಲ್ಲ, ಆ ಬೆಳ್ಳಿ ಬಣ್ಣದ ಡಾಂಬರು ಶೀಟ್ ಹಾಕಿದೆ. ಆಮೇಲೆ ಸೀಟಿನ ಹಿಂದೆ 4 ಚಾನೆಲ್ ಆಂಪ್ (ಹಾಡಿನ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್), ಸೀಟಿನ ಕೆಳಗೆ ಚಪ್ಪಟೆ ಸಬ್‌ವೂಫರ್ (ಬೇಸ್ ಸ್ಪೀಕರ್).

ಈಗ ಇಂಜಿನ್ ಸ್ಟಾರ್ಟ್ ಮಾಡಿದರೆ ಸ್ಪೀಕರ್‌ನಲ್ಲಿ ಕುಂಯ್ ಅನ್ನುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಸದ್ದು ಏರುತ್ತದೆ. ವಾಲ್ಯೂಮ್ ಸೊನ್ನೆ ಇಟ್ಟರೂ ಹೋಗುವುದಿಲ್ಲ. ಅಂಗಡಿಯವರು ಫಿಲ್ಟರ್ ಹಾಕಿಸಿ ಅಂದರು, ಹಾಕಿಸಿದೆ, ಏನೂ ಉಪಯೋಗವಾಗಲಿಲ್ಲ. ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದರೆ ರೂಫ್ ಶೀಟ್ ಕರಗಿ ಜೋತು ಬೀಳುತ್ತಿದೆ. ವಾಸನೆಗೆ ತಲೆನೋವು.

ಹಳೇ ಸ್ಪ್ಯಾನರ್:
ರೂಫ್ ಶೀಟ್ ಮೊದಲು ಕಿತ್ತು ಹಾಕಿ ಅಣ್ಣ. ಅದು ಮಾಳಿಗೆ ಮೇಲೆ, ಬಯಲಲ್ಲಿ ಇರಬೇಕಾದ ಸಾಮಾನು. ಮುಚ್ಚಿದ ಕ್ಯಾಬಿನ್‌ನಲ್ಲಿ, ಅದೂ ತಲೆಯ ಮೇಲೆ, ಬೇಡವೇ ಬೇಡ. ಬೆಳಗಿನ ಜಾವ ತಣ್ಣಗಿದ್ದಾಗ ಕೀಳಿ. ಆಗ ಡಾಂಬರು ಗಟ್ಟಿಯಾಗಿರುತ್ತದೆ, ತುಂಡು ತುಂಡಾಗಿ ಬರುತ್ತದೆ. ಬಿಸಿಲಲ್ಲಿ ಕೈ ಹಾಕಿದರೆ ಬೆಲ್ಲದ ಪಾಕ ಎಳೆದ ಹಾಗೆ. ಉಳಿದ ಕಲೆಯನ್ನು ಡೀಸೆಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಸೋಪು ನೀರಲ್ಲಿ ತೊಳೆಯಿರಿ. ಬಾಗಿಲು ತೆರೆದಿರಲಿ, ಬೀಡಿ ದೂರ ಇರಲಿ.

ಇನ್ನೊಂದು ಮಾತು. ಬ್ಯೂಟೈಲ್ ಶೀಟ್ ಕೂಡ ಸದ್ದನ್ನು ತಡೆಯುವುದಿಲ್ಲ, ತಗಡು ನಡುಗುವುದನ್ನು ನಿಲ್ಲಿಸುತ್ತದೆ, ಅಷ್ಟೇ. ಅದಕ್ಕೇ ಇಂಚಿಂಚೂ ಮುಚ್ಚಬೇಕಿಲ್ಲ. ಬೆರಳಲ್ಲಿ ತಟ್ಟಿ ನೋಡಿ, ಟಣ್ ಅಂದ ಕಡೆ ನಡುವೆ ಒಂದು ತುಂಡು ಸಾಕು. ರೂಫಿಗೆ ಕಾಲು ಭಾಗ ಮುಚ್ಚುವಷ್ಟು ಬ್ಯೂಟೈಲ್ ಹಾಕಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ತಂತಿ ಮರಿ:
ಕುಂಯ್ ಸದ್ದು ಆಲ್ಟರ್ನೇಟರ್‌ದು. ಆದರೆ ಆಲ್ಟರ್ನೇಟರ್ ಕೆಟ್ಟಿದೆ ಅಂತಲ್ಲ. ಸೆಟ್ಟಿನ (ಹಾಡು ಹಾಕುವ ಸ್ಟೀರಿಯೋ) ಅರ್ಥ್‌ಗೂ, ಅಂದರೆ ಬಾಡಿ ತಗಡಿಗೆ ಕೊಡುವ ಮೈನಸ್‌ಗೂ, ಆಂಪ್ ಅರ್ಥ್‌ಗೂ ವೋಲ್ಟೇಜ್ ವ್ಯತ್ಯಾಸ ಬಂದರೆ ಆ ಕರೆಂಟು ಆರ್‌ಸಿಎ ವೈರಿನ (ಸೆಟ್ಟಿನಿಂದ ಆಂಪ್‌ಗೆ ಹಾಡು ಒಯ್ಯುವ ವೈರ್) ಮೇಲೆ ಓಡಾಡುತ್ತದೆ. ಆಂಪ್ ಅದನ್ನೇ ಹಾಡು ಅಂದುಕೊಂಡು ದೊಡ್ಡದು ಮಾಡುತ್ತದೆ. ಫಿಲ್ಟರ್‌ಗೆ ದುಡ್ಡು ಕೊಡುವ ಮುಂಚೆ ಹುಡುಕಬೇಕಿತ್ತು, ಇರಲಿ.

ಎಲ್ಲಾ ಆಫ್ ಮಾಡಿ. ಆಂಪ್‌ನಿಂದ ಆರ್‌ಸಿಎ ಎರಡೂ ಕಿತ್ತು ಮತ್ತೆ ಸ್ಟಾರ್ಟ್ ಮಾಡಿ. (ಆನ್ ಇದ್ದಾಗ ಕೀಳಬೇಡಿ, ಕೆಲವು ಸೆಟ್ಟುಗಳ ಒಳಗಿನ ಸಣ್ಣ ಫ್ಯೂಸ್ ಹೋಗುತ್ತದೆ.) ಸದ್ದು ನಿಂತರೆ ಆರ್‌ಸಿಎ ದಾರಿಯಲ್ಲೇ ಬರುತ್ತಿದೆ ಅಂತ. ನಿಲ್ಲದಿದ್ದರೆ ಆಂಪ್ ಇಲ್ಲವೇ ಅದರ ಪವರ್ ವೈರ್. ಆಮೇಲೆ ಅರ್ಥ್ ಎಲ್ಲಿ, ಹೇಗೆ ಕೊಟ್ಟಿದ್ದೀರಿ ಹೇಳಿ.

ರಾತ್ರಿ ಲೋಡು:
ಕಿತ್ತೆ, ಪೂರ್ತಿ ನಿಂತಿತು! ಅರ್ಥ್ ಅಂದರೆ ಹಿಂದಿನ ಗೋಡೆಗೆ ತೂತು ಹೊಡೆದು ಬೋಲ್ಟ್ ಹಾಕಿದ್ದೇನೆ. ಶೀಟ್ ಮೇಲೆ ಬೆಳ್ಳಿ ಹಾಳೆ ಇದೆಯಲ್ಲ, ಅದರ ಮೇಲೇ ಕೂರಿಸಿ ಬಿಗಿಯಾಗಿ ಟೈಟ್ ಮಾಡಿದೆ.

ತಂತಿ ಮರಿ:
ಸಿಕ್ಕಿತು ನೋಡಿ ಕಳ್ಳ. ಆ ಬೆಳ್ಳಿ ಹಾಳೆ ಬರೀ ತೆಳು ಅಲ್ಯೂಮಿನಿಯಂ. ಅದರ ಕೆಳಗೆ ರಬ್ಬರಿನಂಥ ಬ್ಯೂಟೈಲ್, ಅದರ ಕೆಳಗೆ ಪೇಂಟ್. ನಿಮ್ಮ ಆಂಪ್‌ಗೆ ತಗಡು ಮುಟ್ಟುತ್ತಿರುವುದು ಬೋಲ್ಟಿನ ತಿರುಪಿನಿಂದ ಮಾತ್ರ, ಅದೂ ಎಷ್ಟೋ ಅಷ್ಟು.

ಮಲ್ಟಿಮೀಟರ್ ಡಿಸಿ ವೋಲ್ಟ್‌ನಲ್ಲಿ ಇಡಿ. ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಆಂಪ್‌ನ ಅರ್ಥ್ ಸ್ಕ್ರೂಗೆ. ಇಂಜಿನ್ ಓಡುತ್ತಿರಲಿ, ಹಾಡು ಜೋರಾಗಿರಲಿ. 0.1 ವೋಲ್ಟ್ ಒಳಗೆ ಬಂದರೆ ಸರಿ. ಜಾಸ್ತಿ ಬಂದರೆ ಶೀಟ್ ಕತ್ತರಿಸಿ, ಪೇಂಟ್ ಕೆರೆದು ತಗಡು ಹೊಳೆಯುವಂತೆ ಮಾಡಿ. ಅರ್ಥ್ ವೈರ್ ಪವರ್ ವೈರಿನಷ್ಟೇ ದಪ್ಪ ಇರಲಿ, ಅರ್ಧ ಮೀಟರ್ ಒಳಗೇ ಮುಗಿಯಲಿ. ಬಿಗಿದ ಮೇಲೆ ಮೇಲಿಂದ ಗ್ರೀಸ್ ಬಳಿಯಿರಿ, ಇಲ್ಲದಿದ್ದರೆ ಮಳೆಗಾಲಕ್ಕೆ ತುಕ್ಕು.

ಬ್ಯಾಟರಿ ಪಕ್ಕದಲ್ಲಿ ಫ್ಯೂಸ್ ಇದೆ ತಾನೆ? ಆಂಪ್ ಮೇಲಿರುವ ಫ್ಯೂಸ್ ಲೆಕ್ಕಕ್ಕಿಲ್ಲ. ವೈರ್ ನಡುವೆ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಬೆಂಕಿ ಹತ್ತುವುದು ಬ್ಯಾಟರಿ ಕಡೆಯಿಂದ. ಬ್ಯಾಟರಿಯಿಂದ ಒಂದೂವರೆ ಅಡಿ ಒಳಗೆ ಒಂದು ಇರಲೇಬೇಕು.

ರಾತ್ರಿ ಲೋಡು:
0.6 ತೋರಿಸಿತು ಗುರುವೇ! ಕೆರೆದು ಹಾಕಿದ ಮೇಲೆ 0.04. ಸದ್ದು ಮುಕ್ಕಾಲು ಭಾಗ ಹೋಯಿತು, ಸಣ್ಣಗೆ ಒಂಚೂರು ಉಳಿದಿತ್ತು. ನೋಡಿದರೆ ಆರ್‌ಸಿಎ ಮತ್ತು ಪವರ್ ವೈರ್ ಎರಡನ್ನೂ ಡ್ರೈವರ್ ಕಡೆ ಮ್ಯಾಟ್ ಕೆಳಗೆ ಒಟ್ಟಿಗೆ ಕಟ್ಟಿದ್ದೆ. ಆರ್‌ಸಿಎಯನ್ನು ಕ್ಲೀನರ್ ಕಡೆಯಿಂದ ಎಳೆದೆ. ಈಗ ಏನೂ ಇಲ್ಲ. ಫ್ಯೂಸ್ ಇರಲಿಲ್ಲ, ಅದನ್ನೂ ಹಾಕಿದೆ. ಫಿಲ್ಟರ್ ಬಿಚ್ಚಿ ಎಸೆದೆ.

ರೂಫೂ ಕಿತ್ತಾಯಿತು. ಬೆಳಿಗ್ಗೆ ಐದಕ್ಕೆ ಎದ್ದು ಕೂತೆ, ಎರಡು ಗಂಟೆ ಹಿಡಿಯಿತು. ಬ್ಯೂಟೈಲ್ ತುಂಡು ನಾಲ್ಕೇ ಹಾಕಿದ್ದು. ಆದರೆ ಗಾಳಿ ಸದ್ದು ಇನ್ನೂ ಇದೆ, ಬಾಗಿಲಿಗೂ ಶೀಟ್ ಹಾಕಲಾ?

ಹಳೇ ಸ್ಪ್ಯಾನರ್:
ಹಾಕುವ ಮುಂಚೆ ಹತ್ತು ರೂಪಾಯಿ ನೋಟು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಎಳೆದು ನೋಡಿ. ಸಲೀಸಾಗಿ ಬಂದರೆ ಅಲ್ಲಿ ಬೀಡಿಂಗ್ (ಬಾಗಿಲ ಅಂಚಿನ ರಬ್ಬರ್) ಸತ್ತಿದೆ, ಗಾಳಿ ಅಲ್ಲಿಂದಲೇ ಬರುತ್ತಿದೆ. ಹೊಸ ಬೀಡಿಂಗ್ ಶೀಟ್‌ಗಿಂತ ಅಗ್ಗ. ಕ್ಲಚ್ ಪೆಡಲ್ ಮೇಲೆ ಇಂಜಿನ್ ಕಡೆಗೆ ವೈರ್ ಹೋಗುವ ತೂತಿನ ರಬ್ಬರ್ ಕೂಡ ನೋಡಿ. ಪವರ್ ವೈರ್ ಎಳೆದಾಗ ಅದನ್ನು ಕತ್ತರಿಸಿರುತ್ತೀರಿ.

ಬಾಗಿಲಿಗೆ ಶೀಟ್ ಹಾಕಿದರೆ ಕೆಳಗಿನ ನೀರು ಹೋಗುವ ತೂತು ಮುಚ್ಚಬೇಡಿ. ನಾನು ಒಮ್ಮೆ ಮುಚ್ಚಿ, ಬಾಗಿಲಲ್ಲಿ ನೀರು ಕುಲುಕುತ್ತಾ ಒಂದು ಮಳೆಗಾಲ ಓಡಾಡಿದ್ದೇನೆ.

ರಾತ್ರಿ ಲೋಡು:
ಕ್ಲೀನರ್ ಕಡೆ ಬಾಗಿಲಲ್ಲಿ ನೋಟು ಸುಮ್ನೆ ಜಾರಿ ಬಂತು. ಬೀಡಿಂಗ್ ತರಿಸಿದ್ದೇನೆ. ಹಿಂದುಗಡೆ ಕಟಕಟ ಅಂತ ಇನ್ನೊಂದು ಸದ್ದಿತ್ತು, ಅದು ಜಾಕ್ ರಾಡ್. ಹಳೇ ಟ್ಯೂಬ್ ಸುತ್ತಿಟ್ಟೆ.