ಬಲಕ್ಕೆ ತಿರುಗಿಸುವವರು ಬೇಕಾಗಿದ್ದಾರೆ

ಅಮೆರಿಕದ ಷಾರ್ಲಟ್ಟಿನ ಪದ್ದಿ ಮನೆ, ಭಾನುವಾರ ಮಧ್ಯಾಹ್ನ. ನ್ಯಾಸ್ಕಾರ್ ಎಂಬ ಕಾರ್ ರೇಸಿನ ಟೀಮುಗಳ ಗ್ಯಾರೇಜು ಬಹಳಷ್ಟು ಈ ಊರಿನ ಸುತ್ತಮುತ್ತಲೇ ಇವೆ, ಪದ್ದಿಗೆ ಆ ಗಾಳಿ ತಾಗಿದೆ. ಟಿವಿಯಲ್ಲಿ ವಾಟ್ಕಿನ್ಸ್ ಗ್ಲೆನ್ ರೇಸು, ನಡುವೆ ಬೇಸಿನ್ ತುಂಬ ಚುರುಮುರಿ.

"ಇವರು ವರ್ಷವಿಡೀ ಅಂಡಾಕಾರದ ಟ್ರ್ಯಾಕ್ ಸುತ್ತುತ್ತಾ ಎಡಕ್ಕೇ ತಿರುಗಿಸುವ ಜನ," ಅಂದ ಪದ್ದಿ. "ಬಲಕ್ಕೂ ತಿರುಗಬೇಕಾದ ಇಂಥ ಟ್ರ್ಯಾಕ್ ಬಂದಾಗ ಕೆಲವು ಟೀಮುಗಳು ಹೊರಗಿನವರನ್ನು ಕರೆಸುತ್ತಿದ್ದವು. ರಿಂಗರ್ ಅಂತ. ಬೋರಿಸ್ ಸಯೀದ್, ರಾನ್ ಫೆಲೋಸ್..."

"ಬಲಕ್ಕೆ ತಿರುಗಿಸೋಕೂ ಸ್ಪೆಷಲಿಸ್ಟಾ!" ರಾಯರು ಎದ್ದು ಕೂತರು. "ನಮ್ಮನೇಲೂ ಅದೇ ಕಥೆ. ಮಗಳಿಗೆ ಸೈಕಲ್ ಕಲಿಸೋಕೆ ಒಬ್ಬ ಕೋಚ್, ಮಲಗಿಸೋಕೆ ಒಬ್ಬರು ಕನ್ಸಲ್ಟೆಂಟ್. ಅಪ್ಪ ಎಡಗಡೆ ತಿರುವಿಗೆ ಮಾತ್ರ."

"ಸುಮ್ನೆ ಹೇಳ್ಬೇಡಿ. 2004ರಲ್ಲಿ ಇದೇ ಟ್ರ್ಯಾಕಲ್ಲಿ ಫೆಲೋಸ್ 43ನೇ ಜಾಗದಿಂದ ಹೊರಟು ಎರಡನೆಯವನಾಗಿ ಬಂದ!"

"ಗೆದ್ದೋನು ಯಾರು?"

"ಟೋನಿ ಸ್ಟುವರ್ಟ್."

"ಎಡದವನೇ ಅಲ್ವಾ?"

ಪದ್ದಿ ಚುರುಮುರಿ ಬಾಯಿಗೆ ಹಾಕಿಕೊಂಡ. ಸೀನ ಅವನ ನೆರವಿಗೆ ಬಂದ. "ವಾನ್ ಗಿಸ್ಬರ್ಗನ್‌ಗೆ ಏನಂತೀರಿ? ನ್ಯೂಜಿಲೆಂಡಿನವನು. 2023ರಲ್ಲಿ ಶಿಕಾಗೋ ಬೀದೀಲಿ ಮೊದಲ ರೇಸಲ್ಲೇ ಗೆದ್ದುಬಿಟ್ಟ."

"ಈಗವನು ಖಾಯಂ ನೌಕರ, ವಾರವಾರ ಎಡಕ್ಕೆ ತಿರುಗಿಸಬೇಕು. 2025ರಲ್ಲಿ ಐದು ರೇಸು ಗೆದ್ದ, ಐದೂ ಬಲಕ್ಕೂ ತಿರುಗೋ ಟ್ರ್ಯಾಕುಗಳೇ. ಪಾಪ, ಅವನಿಗೀಗ ಎಡದ ಸ್ಪೆಷಲಿಸ್ಟ್ ಬೇಕು!"

ನಗು ನಿಂತ ಮೇಲೆ ರಾಯರೇ ಕೇಳಿದರು. "ಅಲ್ಲಯ್ಯ, ರಿಂಗರ್ ಬಂದ ದಿನ ಖಾಯಂ ಡ್ರೈವರ್ ಏನ್ಮಾಡ್ತಿದ್ದ?"

"ಕಾರಿನ ಪಾಯಿಂಟು ಮಾಲೀಕರಿಗೆ, ಡ್ರೈವರ್ ಪಾಯಿಂಟು ರೇಸ್ ಶುರು ಮಾಡಿದವನಿಗೆ. ಹೊರಗೆ ಕೂತವನಿಗೆ ಸೊನ್ನೆ. ಆಮೇಲಾಮೇಲೆ ಖಾಯಂನೋರೇ ಬಲಗಡೆ ತಿರುವು ಕಲಿತರು, ರಿಂಗರ್‌ಗಳ ಕಾಲ ಮುಗೀತು."

"ನೋಡಿದ್ಯಾ, ಬಿಟ್ಟರೆ ಕಲೀತಾರೆ!"

ಗೆದ್ದ ಖುಷಿ ರಾಯರ ಮುಖದಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. "ತಿಪಟೂರಲ್ಲಿ ಟೆನ್ನಿಸ್ ಬಾಲ್ ಟೂರ್ನಮೆಂಟು. ಸೆಮಿಫೈನಲ್ಲಿನ ತನಕ ನಾನೇ ಓಪನಿಂಗ್ ಬೌಲರ್. ಫೈನಲ್ಲಿಗೆ ತುಮಕೂರಿಂದ ಒಬ್ಬನ್ನ ಕರೆಸಿದರು, ಯಾರ್ಕರ್ ಸ್ಪೆಷಲಿಸ್ಟ್ ಅಂತೆ. ಟೀ-ಶರ್ಟು ಇದ್ದದ್ದೇ ಹನ್ನೊಂದು. ನಂದೇ ಬಿಚ್ಚಿ ಕೊಡು ಅಂದರು."

"ಕೊಟ್ರಾ?"

"ಕೊಟ್ಟೆ. ಬೆನ್ನಲ್ಲಿ ನನ್ನ ಹೆಸರು, ನಾಲ್ಕು ವಿಕೆಟ್ ಅವನದು. ಕಪ್ ನಮಗೇ ಬಂತು ಕಣೋ. ತಮಟೆ ಬೇರೆ ಇತ್ತು. ನಾನೂ ಕುಣಿದೆ, ಬನಿಯನ್ನಲ್ಲಿ."

ಸೀನ ಬೇಸಿನ್ನಿನ ತಳದಲ್ಲಿ ಕಡಲೆಬೀಜ ಹುಡುಕುತ್ತಿದ್ದ.