ಅಂಗಳದಲ್ಲಿ ಬಣ್ಣ, ಮಣ್ಣು, ವಿಜ್ಞಾನ: ಬೇಸಿಗೆ ಶಿಬಿರದ ಮಕ್ಕಳಿಗೆ ಏನು ಮಾಡಿಸಬಹುದು?

ಪ್ರಶ್ನೆ: ಶಿಬಿರದ ಅಕ್ಕ, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಓರಗಿತ್ತಿ ಸೇರಿ, ಬರುವ ಏಪ್ರಿಲ್ ತಿಂಗಳಿನಲ್ಲಿ ನಮ್ಮ ಬಡಾವಣೆಯ ಆರರಿಂದ ಹತ್ತು ವರ್ಷದ ಮಕ್ಕಳಿಗಾಗಿ ಮನೆಯ ಹಿತ್ತಲಿನಲ್ಲಿಯೇ ಒಂದು ಪುಟ್ಟ ಬೇಸಿಗೆ ಶಿಬಿರ ನಡೆಸಬೇಕೆಂದಿದ್ದೇವೆ. ಮಣ್ಣಿನ ಅಂಗಳವಿದೆ, ಒಂದು ಮಾವಿನ ಮರವಿದೆ, ನಲ್ಲಿಯೂ ಇದೆ. ಆದ್ದರಿಂದ ನೆಲ ಕೊಳೆಯಾದೀತೆಂಬ ಚಿಂತೆ ನಮಗಿಲ್ಲ. ಮಕ್ಕಳು ಮೈಕೈಯೆಲ್ಲ ಬಣ್ಣ ಮಾಡಿಕೊಂಡು ಚಿತ್ರ ಬಿಡಿಸಬೇಕು, ಆ ಚಿತ್ರದೊಳಗೇ ಸ್ವಲ್ಪ ವಿಜ್ಞಾನವೂ ಅವರ ಕಣ್ಣಿಗೆ ಬೀಳಬೇಕು ಎಂಬುದು ನಮ್ಮ ಆಸೆ. ಹುಡುಕಿದಲ್ಲೆಲ್ಲ ಅಡುಗೆ ಸೋಡಾದ ಜ್ವಾಲಾಮುಖಿಯೇ ಸಿಗುತ್ತಿದೆ. ಅದು ಒಮ್ಮೆ ನೊರೆಯುಕ್ಕಿ ನಿಂತ ಮೇಲೆ ಮಕ್ಕಳ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅರಿಶಿನ ಮತ್ತು ಸುಣ್ಣ ಕೊಟ್ಟು ಓಕುಳಿಯ ಕೆಂಪನ್ನು ಮಕ್ಕಳಿಂದಲೇ ಮಾಡಿಸಿದರೆ ಹೇಗೆ ಎಂದು ಯೋಚಿಸುತ್ತಿದ್ದೇವೆ. ಇದು ಸರಿಯೇ? ಇಂಥವೇ ಬೇರೆ ಚಟುವಟಿಕೆಗಳಿದ್ದರೆ ದಯವಿಟ್ಟು ತಿಳಿಸಿ. ಖರ್ಚು ಹೆಚ್ಚಾಗಬಾರದು.

ಉತ್ತರ: ನಿವೃತ್ತ ವಿಜ್ಞಾನ ಶಿಕ್ಷಕ, ಸಾಗರ

ಅರಿಶಿನವನ್ನು ಆರಿಸಿಕೊಂಡಿದ್ದು ಬಹಳ ಒಳ್ಳೆಯದು, ಏಕೆಂದರೆ ಅಲ್ಲಿ ಬಣ್ಣ ಬದಲಾಗುವುದೇ ಚಿತ್ರವಾಗುತ್ತದೆ. ವಿಜ್ಞಾನವನ್ನು ಬೇರೆಯಾಗಿ ತಂದು ಅಂಟಿಸಬೇಕಾಗಿಲ್ಲ. ಆದರೆ ಸುಣ್ಣ ಬೇಡ. ಅದರ ಕೆಲಸವನ್ನು ಬಟ್ಟೆ ಒಗೆಯುವ ಬಾರ್ ಸಾಬೂನು ಮಾಡಿಕೊಡುತ್ತದೆ.

ಹಳೆಯ ಬಿಳಿ ಪಂಚೆಯೊಂದನ್ನು ಅರಿಶಿನ ಕದಡಿದ ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ನೆರಳಿನಲ್ಲಿ ಒಣಗಿಸಿ ಎರಡು ಮರಗಳ ನಡುವೆಯೋ ಗೋಡೆಗೋ ಬಿಗಿಯಾಗಿ ಕಟ್ಟಿರಿ. ಸಾಬೂನನ್ನು ತುರಿದು ನೀರಿನಲ್ಲಿ ಕರಗಿಸಿ, ಕುಂಚ, ಹತ್ತಿ, ತೆಂಗಿನ ನಾರು ಏನು ಸಿಕ್ಕರೆ ಅದನ್ನು ಮಕ್ಕಳ ಕೈಗೆ ಕೊಡಿ. ಬಣ್ಣವೇ ಇಲ್ಲದಂತೆ ಕಾಣುವ ನೀರು ಹಳದಿ ಬಟ್ಟೆಗೆ ತಾಗಿದ ಕ್ಷಣವೇ ಇಟ್ಟಿಗೆಗೆಂಪು ಗೆರೆ ಮೂಡುತ್ತದೆ. ಮೇಲೆ ನಿಂಬೆರಸ ಚಿಮುಕಿಸಿದರೆ ಆ ಗೆರೆ ಅಳಿದು ಹಳದಿ ಮರಳುತ್ತದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣದ ವಸ್ತುವು ಆಮ್ಲದಲ್ಲಿ ಹಳದಿಯಾಗಿಯೂ ಕ್ಷಾರದಲ್ಲಿ ಕೆಂಪಾಗಿಯೂ ಇರುವುದೇ ಇದಕ್ಕೆ ಕಾರಣ. ಸಾರು ಚೆಲ್ಲಿದ ಅಂಗಿಗೆ ಸೋಪು ಹಚ್ಚಿದೊಡನೆ ಕಲೆ ಕೆಂಪಾಗುವುದನ್ನು ತಾಯಂದಿರೆಲ್ಲ ಕಂಡೇ ಇರುತ್ತಾರೆ. ಒಂದು ಎಚ್ಚರಿಕೆ: ಕೈತೊಳೆಯುವ ದ್ರವ ಸಾಬೂನುಗಳಲ್ಲಿ ಹಲವಕ್ಕೆ ಕ್ಷಾರಗುಣ ಇರುವುದೇ ಇಲ್ಲವಾದ್ದರಿಂದ ಅವನ್ನು ನಂಬಿಕೊಂಡು ಕುಳಿತರೆ ಗೆರೆ ಮೂಡುವುದಿಲ್ಲ, ಹಿಂದಿನ ದಿನವೇ ಒಂದು ಚೂರು ಬಟ್ಟೆಯ ಮೇಲೆ ಪರೀಕ್ಷಿಸಿ ನೋಡಿಕೊಳ್ಳಿ.

ಕೆಂಪು ದಾಸವಾಳದ ಎಸಳನ್ನು ಕಾಗದಕ್ಕೆ ಉಜ್ಜಿದರೆ ನೇರಳೆ ಛಾಯೆ ಬರುತ್ತದೆ, ಅದಕ್ಕೆ ನಿಂಬೆರಸ ತಾಗಿದರೆ ಗುಲಾಬಿ, ಸಾಬೂನು ನೀರು ತಾಗಿದರೆ ಹಸಿರು. ಶಂಖಪುಷ್ಪದ ಕಷಾಯವೂ ಹೀಗೆಯೇ ಬಣ್ಣ ಬದಲಿಸುತ್ತದೆ.

ಇನ್ನು ನಮ್ಮ ಕಡೆಯ ಒಂದು ಮಾತು. ಶಿವಮೊಗ್ಗ ಜಿಲ್ಲೆಯ ದೀವರ ಸಮುದಾಯದ ಮನೆಗಳಲ್ಲಿ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರಕ್ಕೆ ಕೆಮ್ಮಣ್ಣು, ಅರೆದ ಅಕ್ಕಿಯ ಬಿಳುಪು, ಹುರಿದು ಕಪ್ಪಾಗಿಸಿದ ಅಕ್ಕಿ, ಗುರಿಗೆ ಕಾಯಿಯ ಹಳದಿ ಇವೇ ಬಣ್ಣಗಳು. ಪುಂಡಿ ನಾರೇ ಕುಂಚ. ನಿಮ್ಮ ಅಂಗಳದ ಮಣ್ಣಿನಿಂದಲೂ ಬಣ್ಣ ತೆಗೆಯಬಹುದು. ಮಣ್ಣನ್ನು ಬಕೆಟ್ಟಿನ ನೀರಿನಲ್ಲಿ ಚೆನ್ನಾಗಿ ಕಲಕಿ, ಒಂದು ನಿಮಿಷ ಬಿಟ್ಟು, ಮೇಲಿನ ಕೆಂಪು ನೀರನ್ನು ಮಾತ್ರ ಇನ್ನೊಂದು ಪಾತ್ರೆಗೆ ಬಗ್ಗಿಸಿರಿ. ಮೊದಲ ಬಕೆಟ್ಟಿನ ತಳದಲ್ಲಿ ದಪ್ಪ ಮರಳು ಉಳಿದಿರುತ್ತದೆ. ಎರಡನೆಯದನ್ನು ರಾತ್ರಿಯಿಡೀ ಅಲುಗಿಸದೆ ಇಟ್ಟರೆ, ಬೆಳಿಗ್ಗೆ ತಿಳಿನೀರಿನ ಅಡಿಯಲ್ಲಿ ಬೆಣ್ಣೆಯಷ್ಟು ನುಣ್ಣನೆಯ ಕೆಸರು ಸಿಗುತ್ತದೆ. ಕಣ ದೊಡ್ಡದಾದಷ್ಟೂ ಬೇಗ ತಳ ಸೇರುತ್ತದೆ ಎಂಬ ಪಾಠವನ್ನು ಮಕ್ಕಳು ಬೆರಳಿನಿಂದಲೇ ಮುಟ್ಟಿ ಕಲಿಯುತ್ತಾರೆ. ಅದಕ್ಕೆ ಸ್ವಲ್ಪ ಅನ್ನದ ಗಂಜಿ ಬೆರೆಸಿದರೆ ಬಣ್ಣ ಗೋಡೆಗೆ ಹಿಡಿದು ನಿಲ್ಲುತ್ತದೆ.

ಆಮ್ಲ, ಕ್ಷಾರ ಎಂಬ ಹೆಸರುಗಳನ್ನು ಮೊದಲ ದಿನವೇ ಹೇಳಬೇಡಿ ಎಂಬುದು ನನ್ನ ಅಭಿಪ್ರಾಯ.

ಉತ್ತರ: ಶುಶ್ರೂಷಕಿ, ಕಣ್ಣಿನ ವಿಭಾಗ

ಮೇಷ್ಟ್ರು ಸುಣ್ಣ ಬೇಡವೆಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದಾರೆ. ಅದರ ಕಾರಣವನ್ನು ನಾನು ಹೇಳುತ್ತೇನೆ. ಎಲೆಯಡಿಕೆಯ ಜೊತೆಗೆ ಮಾರುವ ಸುಣ್ಣದ ಪೊಟ್ಟಣವನ್ನು ಮಕ್ಕಳು ಹಿಸುಕಿದಾಗ ಅದು ಒಡೆದು ನೇರವಾಗಿ ಕಣ್ಣಿಗೆ ಸಿಡಿಯುವುದು ನಮ್ಮ ದೇಶದಲ್ಲಿ ಮಕ್ಕಳ ಕಣ್ಣಿಗೆ ಆಗುವ ರಾಸಾಯನಿಕ ಗಾಯಗಳಿಗೆ ಒಂದು ಮುಖ್ಯ ಕಾರಣವಾಗಿದೆ. ಸುಣ್ಣವು ಪ್ರಬಲವಾದ ಕ್ಷಾರವಾಗಿರುವುದರಿಂದ ಕಣ್ಣಿನ ಒಳಪದರಗಳಿಗೆ ಬೇಗನೆ ಇಳಿಯುತ್ತದೆ, ಅದರ ಚೂರುಗಳು ರೆಪ್ಪೆಯ ಒಳಗೆ ಸಿಕ್ಕಿಕೊಂಡು ಸುಡುತ್ತಲೇ ಇರುತ್ತವೆ. ಸಾಬೂನು ನೀರೇ ಆಗಲಿ, ನಿಂಬೆರಸವೇ ಆಗಲಿ, ಕಣ್ಣಿಗೆ ಬಿದ್ದರೆ ಉಜ್ಜಲು ಬಿಡದೆ ಶುದ್ಧ ನೀರನ್ನು ಧಾರೆಯಾಗಿ ಹರಿಸಿ. ಎಲ್ಲಿಂದಲಾದರೂ ಸುಣ್ಣ ಬಿದ್ದಿದ್ದರೆ ತಡಮಾಡದೆ ಕನಿಷ್ಠ 15ರಿಂದ 20 ನಿಮಿಷ ತೊಳೆದು, ಅನಂತರ ನೋವು ಕಡಿಮೆಯಾದಂತೆ ಕಂಡರೂ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಲೇಬೇಕು. ಶಿಬಿರದ ದಿನ ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇಲ್ಲವಾದರೆ ಎರಡು ಕೊಡ ಶುದ್ಧ ನೀರನ್ನು ಬೇರೆಯಾಗಿ ತೆಗೆದಿಡಿ.

ಶಿಬಿರದ ಅಕ್ಕ, ಹಾಸನ

ಮೇಷ್ಟ್ರಿಗೂ ಸಿಸ್ಟರ್ ಅವರಿಗೂ ಕೃತಜ್ಞತೆಗಳು. ಸುಣ್ಣದ ಯೋಚನೆಯನ್ನು ಕೈಬಿಟ್ಟೆವು. ಮಾವಿನ ಮರವನ್ನು ಬಳಸಿಕೊಳ್ಳುವ ಯಾವುದಾದರೂ ಚಟುವಟಿಕೆ ಇದೆಯೇ? ಹತ್ತು ವರ್ಷದ ಮಕ್ಕಳಿಗೆ ಬರೀ ಬಣ್ಣ ಹಚ್ಚುವುದು ಸಪ್ಪೆ ಎನ್ನಿಸಬಹುದು.

ಉತ್ತರ: ಭೌತಶಾಸ್ತ್ರ ಉಪನ್ಯಾಸಕಿ, ಧಾರವಾಡ

ಮರವಿದ್ದ ಮೇಲೆ ಲೋಲಕ ಕಟ್ಟಿರಿ. ಪ್ಲಾಸ್ಟಿಕ್ ಬಾಟಲಿಯ ತಳವನ್ನು ಕತ್ತರಿಸಿ, ಮುಚ್ಚಳಕ್ಕೆ ಪೆನ್ಸಿಲ್ ದಪ್ಪದ ತೂತು ಕೊರೆದು, ತಲೆಕೆಳಗಾಗಿ ಕೊಂಬೆಗೆ ತೂಗುಹಾಕಿ. ಜರಡಿ ಹಿಡಿದ ಒಣ ಮರಳನ್ನು ತುಂಬಿ, ತೂತನ್ನು ಬೆರಳಿನಿಂದ ಮುಚ್ಚಿ, ಪಕ್ಕಕ್ಕೆ ಎಳೆದು ಸ್ವಲ್ಪ ಓರೆಯಾಗಿ ತಳ್ಳಿಬಿಟ್ಟರೆ, ಸಗಣಿ ಸಾರಿಸಿದ ನೆಲದ ಮೇಲೆ ಒಂದರೊಳಗೊಂದು ಕಿರಿದಾಗುತ್ತ ಹೋಗುವ ಮೊಟ್ಟೆಯಾಕಾರದ ಸುತ್ತುಗಳು ಬೀಳುತ್ತವೆ. ರಂಗೋಲಿ ಪುಡಿಯನ್ನು ನಾನು ಬಳಸುವುದಿಲ್ಲ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಕಲ್ಲಿನ ಪುಡಿ, ಮಕ್ಕಳ ಮೂಗಿನ ಮಟ್ಟದಲ್ಲಿ ಅದು ಹಾರಾಡುವುದು ಒಳ್ಳೆಯದಲ್ಲ.

ಬಾಟಲಿಯನ್ನು ನೇರವಾಗಿ ಹಿಂದಕ್ಕೂ ಮುಂದಕ್ಕೂ ತೂಗಲು ಬಿಟ್ಟು, ಬಿದ್ದ ಗೆರೆಯನ್ನು ಮಕ್ಕಳಿಗೆ ಬಗ್ಗಿ ನೋಡಲು ಹೇಳಿ. ಗೆರೆಯ ನಡುವೆ ಮರಳು ತೆಳುವಾಗಿಯೂ ಎರಡು ತುದಿಗಳಲ್ಲಿ ಗುಪ್ಪೆಯಾಗಿಯೂ ಬಿದ್ದಿರುತ್ತದೆ. ತುದಿಯಲ್ಲಿ ಬಾಟಲಿ ನಿಧಾನಿಸಿ ತಿರುಗುವುದರಿಂದ ಅಲ್ಲಿ ಹೆಚ್ಚು ಹೊತ್ತು ಮರಳು ಸುರಿದಿರುತ್ತದೆ. ವೇಗದ ಏರಿಳಿತವೇ ನೆಲದ ಮೇಲೆ ಬರೆದುಕೊಂಡಂತೆ. ಇದನ್ನು ನೀವು ಹೇಳಬೇಡಿ, ಅವರೇ ಹೇಳಲಿ. ಹಗ್ಗದ ಉದ್ದವನ್ನೂ ಬದಲಿಸಿ ಎಣಿಸಲು ಬಿಡಿ: ಒಂದು ಮೀಟರ್ ಉದ್ದವಿದ್ದರೆ ಹತ್ತು ತೂಗಾಟಕ್ಕೆ ಸುಮಾರು 20 ಸೆಕೆಂಡು, ಕಾಲು ಮೀಟರ್ ಇದ್ದರೆ ಸುಮಾರು 10 ಸೆಕೆಂಡು ಬೇಕಾಗುತ್ತದೆ. ದೊಡ್ಡ ಮಕ್ಕಳಿಗಾಗಿ, ಕೊಂಬೆಯ ಎರಡು ಕಡೆಯಿಂದ ಎರಡು ಹಗ್ಗಗಳನ್ನು ಇಳಿಬಿಟ್ಟು ಕೆಳಗೆ ಗಂಟು ಹಾಕಿ, ಗಂಟಿನಿಂದ ಒಂದೇ ಹಗ್ಗದಲ್ಲಿ ಬಾಟಲಿ ಕಟ್ಟಿರಿ. ಆಗ ಕೊಂಬೆಯ ಉದ್ದಕ್ಕೆ ತೂಗುವಾಗ ಲೋಲಕ ಗಿಡ್ಡ, ಅಡ್ಡಕ್ಕೆ ತೂಗುವಾಗ ಉದ್ದ. ಕೊಂಬೆಯಿಂದ ಬಾಟಲಿಗೆ ಎರಡು ಮೀಟರ್, ಗಂಟಿನಿಂದ ಬಾಟಲಿಗೆ ಅರ್ಧ ಮೀಟರ್ ಇಟ್ಟು ಓರೆಯಾಗಿ ಬಿಟ್ಟರೆ ಎಂಟರ ಅಂಕಿಯನ್ನು ಹೋಲುವ ಬಳ್ಳಿಗಳು ಮೂಡುತ್ತವೆ.

ಬಿಸಿಲನ್ನೇ ಕುಂಚವಾಗಿಸುವ ಇನ್ನೊಂದು ಕೆಲಸವೂ ಇದೆ. ಅರಿಶಿನದ ಬಣ್ಣ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಆಲ್ಕೋಹಾಲಿನಲ್ಲಿ ಕರಗುತ್ತದೆ. ಆದ್ದರಿಂದ ಆಲ್ಕೋಹಾಲ್ ಇರುವ ಸ್ಯಾನಿಟೈಸರಿನಲ್ಲಿ ಅರಿಶಿನ ಕಲಸಿ, ಸೋಸಿ, ದಪ್ಪ ಕಾಗದಕ್ಕೆ ಬಳಿದು ಕತ್ತಲೆಯಲ್ಲಿ ಒಣಗಿಸಿ. ಈ ಭಾಗವನ್ನು ಬೆಂಕಿಯಿಂದ ದೂರದಲ್ಲಿ ದೊಡ್ಡವರೇ ಮಾಡಬೇಕು. ಮಕ್ಕಳು ಅದರ ಮೇಲೆ ಬೇವಿನ ಎಲೆ, ಗರಿಕೆ, ಜರೀಗಿಡದ ಎಲೆಗಳನ್ನು ಜೋಡಿಸಿ, ಗಾಜಿನಿಂದ ಒತ್ತಿ, ಏಪ್ರಿಲ್ ಬಿಸಿಲಿನಲ್ಲಿ ಕೆಲವು ಗಂಟೆಗಳ ಕಾಲ ಇಟ್ಟರೆ, ತೆರೆದಿದ್ದ ಭಾಗ ಬಿಳಿಚಿ, ಎಲೆಯ ಕೆಳಗಿನ ಭಾಗ ಹಳದಿಯಾಗಿಯೇ ಉಳಿಯುತ್ತದೆ. ಸಸ್ಯದ ಬಣ್ಣಗಳು ಬೆಳಕಿಗೆ ಮಾಸುವುದನ್ನು ಬಳಸಿ ಚಿತ್ರ ಪಡೆಯಬಹುದೆಂದು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿಯೇ ಬರೆದಿದ್ದರು. ಪಕ್ಕದಲ್ಲಿ ಮೇಷ್ಟ್ರ ಕೆಮ್ಮಣ್ಣು ಬಳಿದ ಕಾಗದವನ್ನೂ ಇಡಿಸಿ. ಅದು ಮಾಸುವುದಿಲ್ಲ, ಏಕೆಂದರೆ ಅದರ ಕೆಂಪು ಕಬ್ಬಿಣದ ಆಕ್ಸೈಡಿನದು. ಒಂದು ಏಕೆ ಮಾಸಿತು, ಇನ್ನೊಂದು ಏಕೆ ಉಳಿಯಿತು ಎಂಬ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ.

ಹೆಸರುಗಳನ್ನು ಹೇಳಬಾರದೆಂಬ ಮೇಷ್ಟ್ರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಆರು ವರ್ಷದವರಿಗೆ ಬೇಡ, ಸರಿ. ಆದರೆ ಹತ್ತು ವರ್ಷದವರು ಹೊಸ ಪದವೊಂದು ಸಿಕ್ಕರೆ ಅದನ್ನೇ ಹಿಡಿದುಕೊಂಡು ಮನೆಯ ಬಾತ್‌ರೂಮಿನಿಂದ ಅಡುಗೆಮನೆಯವರೆಗೆ ಎಲ್ಲವನ್ನೂ ಪರೀಕ್ಷಿಸುತ್ತಾರೆ.

ನಿವೃತ್ತ ವಿಜ್ಞಾನ ಶಿಕ್ಷಕ, ಸಾಗರ

ಮೇಡಂ, ಆ ಪರೀಕ್ಷೆಯ ಪಟ್ಟಿಯಲ್ಲಿ ಶೌಚಾಲಯ ತೊಳೆಯುವ ಆಮ್ಲವೂ ಸೇರಿಬಿಟ್ಟರೆ ಎಂಬ ಭಯದಿಂದಲೇ ನಾನು ಹಾಗೆಂದೆ. ಹೆಸರು ಹೇಳುವುದಾದರೆ, ಯಾವುದನ್ನು ಮುಟ್ಟಬಾರದು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿಬಿಡಿ.

ಅಕ್ಕನವರಿಗೆ ಕೊನೆಯದಾಗಿ ಒಂದೆರಡು ವಿಷಯ. ಅರಿಶಿನದ ದಿನ ಹಳೆಯ ಬಟ್ಟೆ ಹಾಕಿ ಕಳುಹಿಸುವಂತೆ ಪೋಷಕರಿಗೆ ಮೊದಲೇ ತಿಳಿಸಿ. ಆದರೂ ಕಲೆಯಾದರೆ, ಒಗೆದು ನೇರ ಬಿಸಿಲಿನಲ್ಲಿ ಒಣಹಾಕಿದಾಗ ಅದು ತಾನಾಗಿ ಮಾಸುತ್ತದೆ. ಮಕ್ಕಳು ಬರೆದ ಪಂಚೆಯೂ ಇದೇ ಕಾರಣಕ್ಕೆ ಬಿಸಿಲಿನಲ್ಲಿ ಉಳಿಯದು, ಅದನ್ನು ಪ್ರದರ್ಶನದ ದಿನದವರೆಗೆ ಮಡಿಸಿ ಒಳಗಿಡಿ. ಊಟಕ್ಕೆ ಮುಂಚೆ ಹಳದಿ ಕೈಗಳಿಗೆ ಬಾರ್ ಸಾಬೂನು ಹಚ್ಚಿದೊಡನೆ ಅಂಗೈ ಕೆಂಪಾಗಿ ಚಿಕ್ಕ ಮಕ್ಕಳು ಗಾಬರಿಯಾಗಬಹುದು. ಒಂದು ಹೋಳು ನಿಂಬೆಹಣ್ಣನ್ನು ನಲ್ಲಿಯ ಪಕ್ಕದಲ್ಲಿಯೇ ಇಟ್ಟಿರಿ.