ಓಣಿ ಕಸ ತಗಿಯಾಕ ಮಂದಿಗೆ ಟ್ರೇನಿಂಗ್ ಕೊಡೋದು ಹೆಂಗ? (ಪುಣೆ)

ಧನಕವಡಿ_ಧಾರವಾಡಿ
ಎಲ್ಲಾರಿಗೂ ನಮಸ್ಕಾರ. ಪುಣೆ ಮುಂಬೈದಾಗಿರೋ ನಮ್ಮ ಮಂದಿ ಯಾರರ ಇಂಥಾ ಕೆಲಸ ಮಾಡಿದ್ರ ಸ್ವಲ್ಪ ಹೇಳ್ರಿ. ನಾವಿರೋದು ಧನಕವಡಿ ಕಡೆ, ಓಣಿ ತಿರುವಿನ್ಯಾಗ ಒಂದು ಲೈಟಿನ ಡಿಪಿ (ಕರೆಂಟಿನ ಪೆಟ್ಟಿಗಿ) ಐತಿ, ಅದರ ಬುಡಕ್ಕ ನಾವು ಇಲ್ಲಿಗೆ ಬಂದಾಗಿಂದ ಕಸದ ಗುಡ್ಡಿ. ಮನಿಮನಿಗೆ ಸ್ವಚ್ಛ್ ಅನ್ನೋ ಕಸ ಆರಿಸವ್ರ ಸಂಸ್ಥೆಯ ಅಕ್ಕಾರು ಬಂದು ಕಸ ಒಯ್ತಾರ, ಆದ್ರೂ ಅಲ್ಲಿ ಬೀಳೋದು ಬೀಳ್ತೈತಿ. ಹೋದ ತಿಂಗಳು ಗಣಪತಿ ಮಂಡಳದ ಹುಡುಗ್ರು, ನಾನು, ನಮ್ಮ ಬಿಲ್ಡಿಂಗಿನ ಇಬ್ರು ಆಜೋಬಾ (ಅಜ್ಜಾರು) ಕೂಡಿ ಹನ್ನೊಂದು ಮಂದಿ ಒಂದು ರವಿವಾರ ಎಲ್ಲಾ ಬಳದು ತಗದ್ವಿ, ಎರಡು ತಾಸು ಹಿಡೀತು, ಫೋಟೋ ತಗದು ಸ್ಟೇಟಸ್ ಇಟ್ವಿ, ವಡಾಪಾವ್ ತಿಂದು ಮನಿಗೆ ಹೋದ್ವಿ. ಬುಧವಾರಕ್ಕ ಮೊದಲಿನಕಿಂತ ಜಾಸ್ತಿ ಬಿದ್ದಿತ್ತು! ಮ್ಯಾಲ ಒಬ್ಬ ಹುಡುಗನ ಕೈಗೆ ಗಾಜು ಹತ್ತಿ ಟಿಟಿ ಇಂಜೆಕ್ಷನ್ ಮಾಡಿಸಬೇಕಾತು, ಅವರ ಅವ್ವ ಈಗ ನನ್ನ ಕಂಡ್ರ ಮಾರಿ ತಿರುವತಾರ.

ಈಗ ಮತ್ತ ಹದಿನೈದು ಮಂದಿ ಬರ್ತೀವಿ ಅಂತ ಹೆಸರು ಕೊಟ್ಟಾರ. ಈ ಸಲ ಸುಮ್ನ ಕಸಬರಿಗಿ ಕೈಗೆ ಕೊಡೋದು ಬ್ಯಾಡ, ಮೊದ್ಲ ಒಂದು ದಿನ ಟ್ರೇನಿಂಗ್ ಕೊಡೂಣು ಅಂತ ನನ್ನ ಇಚಾರ. ಆದ್ರ ಏನ್ ಕಲಸೋದು, ಯಾರು ಕಲಸೋದು? ನನಗೂ ಏನೂ ಬರೂದಿಲ್ಲ ಖರೇ ಹೇಳ್ಬೇಕಂದ್ರ.

ಬಿಜಾಪುರದ_ಸೊಸಿ
ಅಣ್ಣಾರ, ಕಲಸವ್ರು ದಿನಾ ಮುಂಜಾನೆ ನಿಮ್ಮ ಬಾಗಲಿಗೇ ಬರ್ತಾರಲ್ರಿ, ಅವರನ್ನ ಕೇಳೂದು ಬಿಟ್ಟು ಇಲ್ಲಿ ಕೇಳಾಕತ್ತೀರಿ 😄

ನಮ್ಮ ಅತ್ತಿ ಯೇರವಡಾದಾಗ ಇಪ್ಪತ್ತು ವರ್ಷ ಕಸ ಆರಿಸಿ ಮನಿ ನಡಿಸ್ಯಾರ. ಕಸ ಆರಿಸವ್ರ ಸಂಘಟನಾ, ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ, 1993ರಾಗ ಆತು, ಅದರಿಂದನ 2007ರಾಗ ಸ್ವಚ್ಛ್ ಹುಟ್ಟಿದ್ದು, ಮರುವರ್ಷ ಮಹಾಪಾಲಿಕೆ ಜೋಡಿ ಕರಾರು ಆತು. ಬಾಳ ಮಂದಿಗೆ ಗೊತ್ತಿಲ್ಲ, ಮನಿಗೆ ಬರೋ ಅಕ್ಕಾರು ಮಹಾಪಾಲಿಕೆ ಪಗಾರದ ನೌಕರರಲ್ಲ, ಆ ಸಹಕಾರಿ ಸಂಸ್ಥೆಗೆ ಅವರೇ ಮಾಲಕರು. ನೀವು ತಿಂಗಳಿಗೆ ಕೊಡೋ ಫೀ, ಮ್ಯಾಲ ಒಣ ಕಸ ಮಾರಿ ಬಂದ ರೊಕ್ಕ, ಇಷ್ಟ ಅವರ ದುಡಿಮಿ. ಅದಕ್ಕ ನಿಮ್ಮ ಡಿಪಿ ಬುಡಕ ಬಿದ್ದು ಅನ್ನ ಸಾರಿನ್ಯಾಗ ನೆಂದ ಪುಟ್ಟಾ (ರಟ್ಟು), ಹಾಲಿನ ಪಿಶವಿ (ಚೀಲ) ಅಂದ್ರ ಅವರ ಪಾಲಿಗೆ ರೊಕ್ಕನ ಕೆಸರಾಗ ಚೆಲ್ಲಿದಂಗ.

ಅತ್ತಿ ನನಗ ಕಲಿಸಿದ್ದು ಹೇಳ್ತೀನಿ. ಕಸದ ಪಿಶವಿ ಯಾವಾಗೂ ಕುತಿಗಿ ಹಿಡದು ಎತ್ತಬೇಕು, ಬುಡಕ್ಕ ಕೈ ಕೊಡಬಾರದು, ಕಾಲಿಗೆ ತಾಗಿಸ್ಕೊಂಡು ನಡೀಬಾರದು, ಒಳಗ ಜಾಗಾ ಆಗ್ಲಿ ಅಂತ ಕೈಲೆ ಒತ್ತಂತೂ ಒತ್ತಬಾರದು. ನಿಮ್ಮ ಹುಡುಗಗ ಗಾಜು ಹತ್ತಿದ್ದು ಹಿಂಗ ಒತ್ತಿದಾಗ ಇರಬೇಕು ನೋಡ್ರಿ. ಸೂಜಿ ಕಂಡ್ರ ಚಿಮಟಾದ್ಲೆ ಹಿಡದು ಗಟ್ಟಿ ಪ್ಲಾಸ್ಟಿಕ್ ಬಾಟ್ಲಿಗೆ ಹಾಕಿ ಮುಚ್ಚಳ ತಿರುವೂದು, ಗಾಜು ಬ್ಯಾರೆ ಡಬ್ಬಿಗೆ. ತೆಳ್ಳನ ಗ್ಲೌಸ್ ಉಪಯೋಗಿಲ್ಲ, ದಪ್ಪ ರಬ್ಬರಿಂದು ತಗೋರಿ, ಚಪ್ಪಲ್ ಬ್ಯಾಡ, ಬೂಟು ಹಾಕ್ಕೊಂಡು ಬರಾಕ ಹೇಳ್ರಿ. ಪ್ಯಾಡು ಡಾಯಪರು ಪೇಪರಿನ್ಯಾಗ ಸುತ್ತಿ ಮ್ಯಾಲ ಕೆಂಪು ಚುಕ್ಕಿ ಇಡ್ರಿ ಅಂತ ಸ್ವಚ್ಛ್‌ನವರು ಹೇಳಿ ಹೇಳಿ ಸಾಕಾಗ್ಯಾರ, ಆ ಚುಕ್ಕಿ ಕಂಡ್ರ ಅವರು ಬಿಚ್ಚಿ ನೋಡೂದಿಲ್ಲ, ಅಷ್ಟ ಅದರ ಅರ್ಥ. ನಿಮ್ಮ ಹದಿನೈದು ಮಂದಿಗೆ ಮೊದ್ಲ ಅವರವರ ಮನಿ ಕಸ ಬ್ಯಾರೆ ಮಾಡಾಕ ಹಚ್ಚ್ರಿ, ಓಣಿ ಆಮ್ಯಾಲ.

ಮತ್ತ ಒಂದು ಮಾತು. ಆ ಅಕ್ಕನ್ನ ಎರಡು ತಾಸು ಕಲಸಾಕ ಕರದ್ರ ರೊಕ್ಕ ಕೊಡ್ರಿ, ಬರೇ ಚಾ ಕುಡಿಸಿ ಸತ್ಕಾರ ಮಾಡಿ ಶಾಲು ಹೊಚ್ಚಿ ಕಳಸಬ್ಯಾಡ್ರಿ. ಅವರಿಗೂ ಆ ಎರಡು ತಾಸಿಗೆ ಧಂದೆ ಇರ್ತೈತಿ.

ಮುಲುಂಡ್_ಮಾಣಿ
ಮೇಲಿನ ಅಕ್ಕ ಹೇಳಿದ್ದಕ್ಕೆ ನೂರಕ್ಕೆ ನೂರು. ಆದ್ರೆ ಕಸ ಎತ್ತುವ ಕೆಲಸ ಅರ್ಧ ಗಂಟೆಯಲ್ಲಿ ಕಲಿಬಹುದು ಮಾರಾಯ್ರೆ, ಕಾದು ಕೂತು ನೋಡುವುದುಂಟಲ್ಲ, ಅದನ್ನು ಕಲಿಸಬೇಕು. ನಾವು ಇಲ್ಲಿ ಇಬ್ಬಿಬ್ಬರ ಹಾಗೆ ಪಾಳಿ ಮಾಡಿ ಒಂದು ವಾರ ಕೂತೆವು, ಬೆಳಿಗ್ಗೆ ಐದೂವರೆಯಿಂದ ಎಂಟು, ರಾತ್ರಿ ಊಟ ಆದ ಮೇಲೆ ಹನ್ನೆರಡರವರೆಗೆ. ಬೈಯ್ಲಿಕ್ಕಿಲ್ಲ, ಫೋಟೋ ತೆಗೀಲಿಕ್ಕಿಲ್ಲ, ಬರೀ ನೋಟ್‌ಬುಕ್ಕಲ್ಲಿ ಬರೆಯುವುದು. ನಾವು ಇಡೀ ದಿನ ಬೈತಾ ಇದ್ದದ್ದು ಹಿಂದಿನ ಚಾಳಿನವರಿಗೆ, ಪಾಪ ಅವರದ್ದು ಎರಡೋ ಮೂರೋ ಚೀಲ ಅಷ್ಟೆ. ಜಾಸ್ತಿ ಹಾಕ್ತಿದ್ದದ್ದು ಬಾಡಿಗೆ ರೂಮಿನ ಹುಡುಗರು, ಅವರು ಆರೂವರೆ ಲೋಕಲ್ ಟ್ರೈನಿಗೆ ಓಡುವವರು, ಕಸದ ಗಾಡಿ ಬರುವುದು ಎಂಟೂವರೆಗೆ, ಮತ್ತೆ ಅವರು ಎಲ್ಲಿ ಹಾಕಬೇಕು ಹೇಳಿ? ಇನ್ನೊಂದು ಜ್ಯೂಸಿನ ಗಾಡಿಯವ. ಮತ್ತೆ ಸ್ಕೂಟರಲ್ಲಿ ಆಫೀಸಿಗೆ ಹೋಗುವಾಗ ಕಾಲಿನ ಹತ್ರ ಇಟ್ಟುಕೊಂಡ ಚೀಲವನ್ನು ಗಾಡಿ ನಿಲ್ಲಿಸದೆ ಎಸೆಯುವ ಮಹಾನುಭಾವರು, ನಮ್ಮ ಏರಿಯಾದವರೇ ಅಲ್ಲ.

ಮೂವರಿಗೂ ಒಂದೇ ಬೋರ್ಡು ಹಾಕಿದ್ರೆ ಪ್ರಯೋಜನ ಇಲ್ಲ. ರೂಮಿನ ಹುಡುಗರಿಗೆ ವಾಚ್‌ಮನ್ ಹತ್ರ ಮಾತಾಡಿ ಎರಡು ಡ್ರಮ್ ಇಡಿಸಿದೆವು. ಗಾಡಿಯವನಿಗೆ 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು, ಬೀದಿ ವ್ಯಾಪಾರಿ ತನ್ನ ಡಬ್ಬ ತಾನೇ ಇಟ್ಟುಕೊಳ್ಬೇಕು ಅಂತ, ಅದನ್ನು ಮೆತ್ತಗೆ ಹೇಳಿದ್ದಕ್ಕೆ ಕೇಳಿದ. ಸ್ಕೂಟರ್‌ನವರಿಗೆ ಮಾತ್ರ ಬೆಳಿಗ್ಗೆ ಅಲ್ಲಿ ಮನುಷ್ಯರು ನಿಂತಿರಬೇಕು, ಬೇರೆ ಮದ್ದಿಲ್ಲ.

ಮಾತಾಡ್ಲಿಕ್ಕೂ ಪ್ರಾಕ್ಟೀಸ್ ಬೇಕು. ಒಬ್ಬ ಕಸ ಎಸೆಯುವವ ಆಗ್ಲಿ, ಇನ್ನೊಬ್ಬ ತಡೆಯುವವ. "ನಾನು ಟ್ಯಾಕ್ಸ್ ಕಟ್ತೇನೆ, ನೀನ್ಯಾರು ಕೇಳ್ಲಿಕ್ಕೆ" ಅಂತ ಖಂಡಿತ ಬರ್ತದೆ, ಅದಕ್ಕೆ ಉತ್ತರ ಮೊದಲೇ ಬಾಯಿಪಾಠ ಇರ್ಲಿ, ಮರಾಠಿಯಲ್ಲಿ. ನನ್ನದು ಇಷ್ಟೆ: "ಕಾಕಾ, ನಿಮ್ಮ ಚೀಲ ನಾನೇ ಗಾಡಿಗೆ ಹಾಕ್ತೇನೆ, ಕೊಡಿ." ನಾಲ್ಕನೇ ದಿನಕ್ಕೆ ಅವರಿಗೇ ನಾಚಿಕೆ ಆಗ್ತದೆ. ಊರಲ್ಲಿ ಮಂಗಳೂರಿನ ರಾಮಕೃಷ್ಣ ಮಿಷನ್‌ನವರು 2015ರಿಂದ ಸುಮಾರು ವರ್ಷ ಭಾನುವಾರ ಬೆಳಿಗ್ಗೆ ಹಿಡಿಸೂಡಿ ಹಿಡಿದು ರಸ್ತೆಗೆ ಇಳೀತಿದ್ರು, ನಾನು ರಜೆಗೆ ಹೋದಾಗ ಎರಡು ಸಲ ಸೇರಿದ್ದೇನೆ, ಹೇಗೆ ಕೆಲಸ ಹಂಚಿಕೊಳ್ಳುವುದು ಅಂತ ಅಲ್ಲಿ ಕಂಡದ್ದೇ.

ಹಿಂಜವಡಿ_ಬಾಲ್ಕನಿ
ಕ್ಷಮಿಸಿ ಗುರು, ಇದೆಲ್ಲ ಕೇಳೋಕೆ ಚೆನ್ನಾಗಿದೆ ಆದ್ರೆ ಆಗಲ್ಲ. ಜೇಬಿಗೆ ಕೈ ಹಾಕಿದ್ರೆ ಮಾತ್ರ ಬುದ್ಧಿ ಬರೋದು. ಒಂದು ಕ್ಯಾಮೆರಾ ಹಾಕ್ಸಿ, ಗಾಡಿ ನಂಬರ್ ಸಮೇತ ಪುಣೆ ಮಹಾಪಾಲಿಕೆಯ ಪಿಎಂಸಿ ಕೇರ್ ಆ್ಯಪಲ್ಲಿ ಕಂಪ್ಲೇಂಟ್ ಹಾಕಿ, ದಂಡ ಬೀಳ್ಲಿ. ಮಹಾರಾಷ್ಟ್ರದಲ್ಲಿ 2018ರಲ್ಲಿ ಪ್ಲಾಸ್ಟಿಕ್ ಬ್ಯಾನ್ ಮಾಡಿ ಮೊದಲ ಸಲಕ್ಕೇ 5,000 ಅಂದಾಗ ಅಂಗಡಿಯವ್ರೆಲ್ಲ ಹೇಗೆ ಬಟ್ಟೆ ಚೀಲ ಹಿಡ್ಕೊಂಡು ಕೂತಿದ್ರು ನೆನಪಿದ್ಯಾ?

ಬೆಂಗಳೂರಲ್ಲಿ ಇದ್ದಾಗ ಅಗ್ಲಿ ಇಂಡಿಯನ್ ಅಂತ ಹೆಸರು ಹೇಳ್ಕೊಳ್ಳದೆ ಕೆಲಸ ಮಾಡೋರ ಜೊತೆ ಒಂದು ಸ್ಪಾಟ್ ಫಿಕ್ಸ್‌ಗೆ ಹೋಗಿದ್ದೆ. ಭಾಷಣ ಇಲ್ಲ, ಗುಡ್ಸಿ, ಗೋಡೆಗೆ ಸುಣ್ಣ ಬಳ್ದು, ಕೆಳಗೆ ಪಟ್ಟಿ ಹೊಡ್ದು, ಗಿಡದ ಕುಂಡ ಇಟ್ಟು ಎದ್ದು ಬರೋದು. ಅದು ಮಾತ್ರ ಒಪ್ತೀನಿ, ಜಾಗ ಚೆನ್ನಾಗಿ ಕಂಡ್ರೆ ಎಸೆಯೋಕೆ ಕೈ ಸ್ವಲ್ಪ ತಡೆಯುತ್ತೆ.

ಮುಲುಂಡ್_ಮಾಣಿ
@ಹಿಂಜವಡಿ_ಬಾಲ್ಕನಿ ಆ ಬಟ್ಟೆ ಚೀಲ ಎಷ್ಟು ದಿನ ಇತ್ತು ಅಂತಲೂ ಹೇಳಿ. ಮುಂಬೈಯಲ್ಲಿ ಕ್ಲೀನ್‌ಅಪ್ ಮಾರ್ಷಲ್‌ಗಳನ್ನು ಇಟ್ಟು 200 ರೂಪಾಯಿ ದಂಡ ಹಾಕಿ ನೋಡಿದ್ದಾಯ್ತು, ಸ್ಟೇಷನ್ ಹೊರಗೆ ಮಾರ್ಷಲ್ ಕಂಡ್ರೆ ಜನ ಆಚೆ ಬದಿಗೆ ಹೋಗಿ ಉಗುಳ್ತಿದ್ರು. ದಂಡ ಬೇಡ ಅಂತಲ್ಲ, ಆದ್ರೆ ಆರೂವರೆ ಲೋಕಲ್ ಹಿಡಿಯುವವನಿಗೆ ಕಸ ಹಾಕ್ಲಿಕ್ಕೆ ಜಾಗವೇ ಕೊಡದೆ ದಂಡ ಹಾಕಿದ್ರೆ ಅವ ಮುಂದಿನ ತಿರುವಿನಲ್ಲಿ ಎಸೀತಾನೆ.

ವಾಸ್ಕೋ_ಗೌಡ
ಡಿಪಿ ಬುಡಕ್ಕ ಅಂದ್ರಲ್ಲ, ಅಲ್ಲಿ ಪೈಪ್ ಹಚ್ಚಿ ನೀರು ಹೊಡ್ದು ತೊಳಿಯಾಕ ಹೋಗಬ್ಯಾಡ್ರಿ, ಸಲಿಕಿ ಕೇಬಲ್‌ಗೆ ತಾಗದಂಗ ನೋಡ್ಕೋರಿ. ಮೊದ್ಲ ಮಹಾವಿತರಣದವರಿಗೆ (ಕರೆಂಟ್ ಕಂಪನಿಯವರಿಗೆ) ತಿಳಸ್ರಿ. ನಾವು ಇಲ್ಲೆ ಗೋವಾದಾಗ ಹಿಂಗ ಒಮ್ಮೆ ಸ್ವಲ್ಪದ್ರಾಗ ಉಳ್ಕೊಂಡೀವಿ.

ಧನಕವಡಿ_ಧಾರವಾಡಿ
ಎಲ್ಲಾರಿಗೂ ಬಾಳ ಥ್ಯಾಂಕ್ಸ್. ಹತ್ತು ದಿನ ಆತು, ಏನಾತು ಹೇಳ್ತೀನಿ. ಮೊದ್ಲ ಆರೋಗ್ಯ ಕೋಠಿಗೆ (ಮಹಾಪಾಲಿಕೆಯ ಸ್ವಚ್ಛತಾ ಆಫೀಸಿಗೆ) ಹೋಗಿ ಅಲ್ಲಿನ ಮೇಸ್ತ್ರಿ ಮುಕಾದಮ್‌ನ ಭೆಟ್ಟಿ ಆದೆ, ನಾವು ತಗದಿದ್ದ ಕಸ ಹೋದ ಸಲ ಮಂಗಳವಾರದ ತನಕಾ ರಸ್ತೆ ಬಾಜೂಕ ಬಿದ್ದಿತ್ತಲ್ಲ, ಅದಕ್ಕ ಅವ ನಕ್ಕ, "ಸಾಹೇಬ್ರ, ಮೊದ್ಲ ಹೇಳಿದ್ರ ಗಾಡಿ ಕಳಸ್ತಿದ್ದೆ" ಅಂದ. ಖರೇ ಐತಿ, ನಾವು ಗುಡ್ಡಿ ಮಾಡಿಟ್ಟು ಹೋದ್ವಿ, ಅದನ್ನ ನೋಡಿ ಮಂದಿ ಮತ್ತ ತಂದು ಹಾಕಿದ್ರು. ಮಹಾವಿತರಣದವರು ಬಂದು ಡಿಪಿ ಬಾಗಲಾ ಮುಚ್ಚಿ ಹೋದ್ರು. ಸ್ವಚ್ಛ್‌ನ ಅಕ್ಕ ಶನಿವಾರ ಮಧ್ಯಾಹ್ನ ಬಂದು ಕಲಿಸಿದ್ರು, ರೊಕ್ಕ ಕೊಟ್ವಿ, ಮೊದ್ಲ ಬ್ಯಾಡ ಅಂದ್ರು ಆಮ್ಯಾಲ ತಗೊಂಡ್ರು. ಮಂಡಳದ ಹುಡುಗ್ರು ಪಿಶವಿ ಕುತಿಗಿ ಹಿಡಿಯೋದು ಕಲ್ಯಾಕ ಹೋಗಿ ನಕ್ಕು ನಕ್ಕು ಬಿದ್ರು, ಆದ್ರ ರವಿವಾರ ಯಾರಿಗೂ ಏನೂ ಹತ್ತಲಿಲ್ಲ.

ಕಾಯೋ ಕೆಲಸ ಆಜೋಬಾ ವಹಿಸ್ಕೊಂಡಾರ. ಮುಂಜಾನೆ ಐದೂವರೆಗೆ ಖುರ್ಚಿ, ಸಕಾಳ ಪೇಪರು, ಥರ್ಮಾಸ್ ತಗೊಂಡು ಡಿಪಿ ಎದುರಿಗೆ ಕುಂದರತಾರ, ಅವರಿಗೂ ಹೊತ್ತು ಹೋಗತೈತಿ. ಮೂರನೇ ದಿನ ಅವರು ನೋಡಿದ್ದು ಕೇಳ್ರಿ: ದೊಡ್ಡ ಕರೀ ಚೀಲ ತಂದು ಹಾಕಿದಾಕಿ ನಮ್ಮ ಸೊಸೈಟಿ ಚೇರಮನ್ನರ ಮನಿ ಕೆಲಸದಾಕಿ. ಕೇಳಿದ್ರ, "ನಮ್ಮ ಬಾಯಿ (ಮನಿ ಮಾಲಕಿಣಿ) ಕಸದಾಕಿಗೆ ಫೀ ಕೊಡೂದು ಬಂದ್ ಮಾಡ್ಯಾರ, ಇಲ್ಲೆ ಹಾಕಿ ಬಾ ಅಂತಾರ" ಅಂದ್ಲಂತ. ಹೋದ ತಿಂಗಳು ಆ ಫೋಟೋದಾಗ ನಡುವ ನಿಂತಾವ್ರು ಇದ ಚೇರಮನ್ನರು, ಕೈಯಾಗ ಹೊಸಾ ಕಸಬರಿಗಿ! ಈಗ ಇವರಿಗೆ ಹೆಂಗ ಹೇಳೋದು? ಪಾರ್ಕಿಂಗ್ ವಿಷಯ ಅವರ ಕೈಯಾಗ ಐತಿ ಮತ್ತ.

ಬಿಜಾಪುರದ_ಸೊಸಿ
ಗ್ರೂಪಿನ್ಯಾಗ ಹಾಕಬ್ಯಾಡ್ರಿ, ಹಾಕಿದ್ರ ಮೊದ್ಲ ಆ ಕೆಲಸದಾಕಿ ಕೆಲಸ ಹೋಗತೈತಿ. ಆಜೋಬಾನ ಕಳಸ್ರಿ, ಚಾ ಕುಡೀತಾ ಬರೇ ಫೀ ವಿಷಯ ತಗೀಲಿ, ಸೊಸೈಟಿಯಿಂದ ಎಲ್ಲಾ ಮನಿದು ಒಟ್ಟಿಗೆ ಮೆಂಟೆನನ್ಸ್‌ದಾಗ ಕೂಡಿಸಿ ಕೊಡೂಣು ಅಂತ. ಚೀಲದ ಮಾತು ತಗೀಲೇ ಬಾರದು.